ಹಿಂದಿನ ಎಡ ಬಾಗಿಲು

"ಎಂಜಿನ್ ಇಲ್ಲ ಅಂದ್ರೆ? ಕೆಟ್ಟಿದೆಯಾ?" ಎಂದು ಫೋನಿನ ಆಚೆಯ ದನಿ ಕೇಳಿತು.

"ಕೆಟ್ಟಿಲ್ಲ. ಇಲ್ಲ."

"ಬಿಚ್ಚಿ ರಿಪೇರಿಗೆ ಕೊಟ್ಟಿದ್ದೀರಾ?"

"ಇಲ್ಲ. ಚೆನ್ನಾಗಿ ಓಡ್ತಿದೆ."

"ಏನು ಓಡ್ತಿದೆ?"

"ಎಂಜಿನ್ನು."

"ಎಂಜಿನ್ ಓಡ್ತಿದೆ, ಗಾಡಿ ನಿಂತಿದೆ?"

"ಹೌದು. ಎಂಜಿನ್ ಗೋಡೆ ಆಚೆ ಇದೆ."

ಫೋನು ಕಟ್ಟಾಯಿತು. ನಿನ್ನೆಯಿಂದ ಇದು ಮೂರನೆಯದು. ಮೊದಲನೆಯವನು ನಕ್ಕು ಇಟ್ಟಿದ್ದ, ಎರಡನೆಯವನು ಬೈದು ಇಟ್ಟಿದ್ದ. ಟಿಂಕರ್ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒರೆಸುವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. ತಮಾಷೆ ಮಾಡುವವರ ಪೈಕಿಯಲ್ಲ ಅವನು. ನೆಗ್ಗಿದ ತಗಡನ್ನು ಬಡಿದು ನೇರ ಮಾಡಿ, ಬಣ್ಣ ಹೊಡೆದು, ನೆಗ್ಗಿದ್ದೇ ಸುಳ್ಳು ಅನ್ನಿಸುವ ಹಾಗೆ ಮಾಡಿ ಕೊಡುವುದು ಅವನ ಕಸುಬು. ಕೇಳಿದ್ದಕ್ಕೆ ಉತ್ತರ ಕೊಡುವುದು ಅವನ ಸ್ವಭಾವ.

ಜಾಹೀರಾತನ್ನು ಅವನೇ ಬರೆದಿದ್ದ. 'ಚೆನ್ನಾಗಿ ನೋಡಿಕೊಂಡ ಡೀಸೆಲ್ ಕಾರು ಮಾರಾಟಕ್ಕಿದೆ. ನೀಲಿ ಬಣ್ಣ. ಎಂಜಿನ್ ಇಲ್ಲ.' ಬಿಡಿಭಾಗಗಳ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಪತ್ರಿಕೆಗೂ ಒಂದು ಕೊಟ್ಟಿದ್ದ. ಹೆಂಡತಿ ಅದನ್ನು ಓದಿ, "ಮಗುನ ಚೆನ್ನಾಗಿ ಸಾಕಿದ್ದೀವಿ, ತಲೆ ಒಂದಿಲ್ಲ ಅಂದ ಹಾಗಿದೆ," ಎಂದಿದ್ದಳು. ಅವನು ತುಸು ಯೋಚಿಸಿ, ಇದ್ದದ್ದು ಹಾಗೇ ಅಲ್ಲವೇ ಎಂದು ಬಿಟ್ಟಿದ್ದ.

ಸರಿಯಾಗಿ ಎಂಟು ಗಂಟೆಗೆ ಗೋಡೆಯ ಆಚೆ ಎಂಜಿನ್ ಶುರುವಾಯಿತು. ಮೊದಲು ಎರಡು ಕೆಮ್ಮು, ಆಮೇಲೆ ಒಂದೇ ಸಮನೆ. ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದ ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸಿ, ಪಕ್ಕದಲ್ಲಿ ಬ್ಯಾಟರಿಯಿಟ್ಟು, ಡಬ್ಬದಿಂದ ಡೀಸೆಲ್ ಕೊಟ್ಟು, ದಿನಾ ಹತ್ತು ನಿಮಿಷ ಓಡಿಸುವುದು ಮೆಕ್ಯಾನಿಕ್ಕಿನ ಪದ್ಧತಿ. ಗೋಡೆಯ ಈಚೆ ಅದೇ ಹತ್ತು ನಿಮಿಷದಲ್ಲಿ ಟಿಂಕರ್ ಗಾಡಿ ಒರೆಸಿ ಮುಗಿಸುತ್ತಿದ್ದ. ಹೀಗೆ ಐದು ತಿಂಗಳಿನಿಂದ ಇಬ್ಬರೂ ಒಂದೇ ಗಾಡಿಯನ್ನು ಎರಡು ಕಡೆ ನಿಂತು ನೋಡಿಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಮಾತಾಡಿ ಅಷ್ಟೇ ತಿಂಗಳಾಗಿತ್ತು.

ಇಬ್ಬರೂ ಷಡ್ಡಕರು. ಅಕ್ಕನನ್ನು ಟಿಂಕರ್ ಮದುವೆಯಾಗಿದ್ದ, ತಂಗಿಯನ್ನು ಮೆಕ್ಯಾನಿಕ್. ಮನೆಗಳು ಅಕ್ಕಪಕ್ಕ, ಎದುರಿಗೆ ಒಂದೇ ಅಂಗಳ, ಅಂಗಳದಲ್ಲಿ ಇಬ್ಬರದೂ ಸೇರಿ ಒಂದೇ ಗ್ಯಾರೇಜು, ಹೊರಗೆ ಹೋಗಲು ಎರಡು ಕಲ್ಲುಕಂಬಗಳ ನಡುವೆ ಒಂದೇ ಗೇಟು. ಹನ್ನೊಂದು ವರ್ಷದ ಹಿಂದೆ ಯಾರೋ ಹಳ್ಳಕ್ಕೆ ಬಿದ್ದ ಕಾರೊಂದನ್ನು ಗುಜರಿಗೆ ಹಾಕಲು ಹೊರಟಿದ್ದಾಗ ಇವರಿಬ್ಬರೂ ಅದನ್ನು ತಂದುಕೊಂಡಿದ್ದರು. ಎಂಜಿನ್ ಮೆಕ್ಯಾನಿಕ್ಕಿನ ಪಾಲಿಗೆ, ಮೈ ಟಿಂಕರನ ಪಾಲಿಗೆ. ಬಿಡುವಿನ ಹೊತ್ತಿನಲ್ಲೇ ಕೆಲಸ ಮಾಡಿ ಎದ್ದು ನಿಲ್ಲಿಸಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಆ ನೀಲಿ ಯಾವ ಡಬ್ಬದಲ್ಲೂ ಸಿಗುವ ನೀಲಿಯಲ್ಲ. ಮೂರು ಬಣ್ಣಗಳನ್ನು ತಾನೇ ಬೆರೆಸಿ, ತಗಡಿನ ಚೂರಿಗೆ ಹಚ್ಚಿ, ಬಿಸಿಲಿಗೆ ಹಿಡಿದು, ಒಂಬತ್ತನೆಯ ಸಲಕ್ಕೆ ಟಿಂಕರ್ ಒಪ್ಪಿಕೊಂಡ ನೀಲಿ. ಆಮೇಲೆ ಆ ಗಾಡಿಯೇ ಅವರ ಬೋರ್ಡು. ಬಂದ ಗಿರಾಕಿಗೆ, "ಕೆಲಸ ಹೇಗಿರುತ್ತೆ ಅಂತ ಕೇಳ್ಬೇಡಿ, ಅಲ್ಲಿ ನಿಂತಿದೆ ನೋಡಿ," ಎಂದರೆ ಮುಗಿಯಿತು.

ಓಡಿಸುತ್ತಿದ್ದವನು ಮಾತ್ರ ಮೆಕ್ಯಾನಿಕ್ ಒಬ್ಬನೇ. ಟಿಂಕರನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಬಂದವರು ಇದನ್ನು ನಂಬುತ್ತಿರಲಿಲ್ಲ. "ಚಪ್ಪಲಿ ಹೊಲಿಯೋನು ಎಲ್ಲರ ಚಪ್ಪಲಿನೂ ಹಾಕ್ಕೊಂಡು ನೋಡ್ತಾನಾ?" ಎಂದು ಅವನು ಕೇಳುತ್ತಿದ್ದ. ಮೆಕ್ಯಾನಿಕ್ಕಿನ ಹೆಂಡತಿಗೆ, ಅಂದರೆ ಟಿಂಕರನ ನಾದಿನಿಗೆ, ಕಲಿಯುವ ಆಸೆಯಿತ್ತು. ಮೂರು ಸಲ ಗಂಡನನ್ನು ಕೇಳಿದ್ದಳು. ಮೂರು ಸಲವೂ ಅವನು ಗಿರಾಕಿಗಳ ಮುಂದೆಯೇ ನಕ್ಕು, "ನೀನು ಮನೆ ಓಡಿಸು, ಸಾಕು. ನಿನ್ನ ಕೈಗೆ ಸ್ಟೀರಿಂಗ್ ಕೊಟ್ಟರೆ ನಿನ್ನ ಭಾವನಿಗೆ ದಿನಾ ತಗಡು ಬಡಿಯೋ ಕೆಲಸ ಹುಡುಕಿ ಕೊಟ್ಟ ಹಾಗೆ," ಎಂದಿದ್ದ. ಅವನು ಹೊಡೆಯುವ ಗಂಡನಲ್ಲ, ನಗುವ ಗಂಡ. ಒಂದು ಮಾತು ಸಿಕ್ಕಿತೆಂದರೆ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುವವನು. ಹೊಡೆತಕ್ಕಾದರೆ ನಾಲ್ಕು ಜನ ಬಿಡಿಸಲು ಬರುತ್ತಾರೆ, ನಗುವಿಗೆ ಯಾರೂ ಬರುವುದಿಲ್ಲ.

ಜಗಳ ಆದದ್ದು ಒಂದು ಅಯಸ್ಕಾಂತದಿಂದ. ಹಳೆಯ ಸ್ಪೀಕರಿನಿಂದ ಕಿತ್ತ, ಬಳೆಯಷ್ಟು ದೊಡ್ಡ ಅಯಸ್ಕಾಂತ. ಗಾಡಿಯ ಮೈಮೇಲೆ ಇಟ್ಟರೆ ತಗಡಿದ್ದಲ್ಲಿ ಅಂಟುತ್ತದೆ. ತಗಡನ್ನು ಬಡಿದು ಎಬ್ಬಿಸದೆ, ತಗ್ಗಿಗೆ ಹಿಟ್ಟಿನಂಥ ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹೊಡೆದಿದ್ದರೆ ಆ ಜಾಗದಲ್ಲಿ ಜಾರಿ ಬೀಳುತ್ತದೆ. ಟಿಂಕರನ ಕೆಲಸದ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅದು ಬಿದ್ದದ್ದಿಲ್ಲ. ಐದು ತಿಂಗಳ ಹಿಂದೆ ಒಬ್ಬ ಗಿರಾಕಿ ಅನುಮಾನದಿಂದ, "ಪುಟ್ಟಿ ತುಂಬಲ್ಲ ತಾನೇ?" ಎಂದು ಕೇಳಿದ. ಮೆಕ್ಯಾನಿಕ್ಕಿಗೆ ರೇಗಿಹೋಯಿತು. ತನಗೆ ಅಂದಿದ್ದರೂ ಅಷ್ಟು ರೇಗುತ್ತಿರಲಿಲ್ಲವೇನೋ. ಅಯಸ್ಕಾಂತ ತಂದು, ಸುತ್ತ ಹತ್ತು ಜನರನ್ನು ನಿಲ್ಲಿಸಿಕೊಂಡು, "ನಮ್ಮ ಗಾಡಿ ಮೇಲೇ ಹಾಕಿ ತೋರಿಸ್ತೀನಿ. ನಮ್ಮಣ್ಣನ ಕೆಲಸದಲ್ಲಿ ಎಲ್ಲಾದರೂ ಇದು ಬಿದ್ದರೆ ಮೀಸೆ ಬೋಳಿಸಿಕೊಳ್ತೀನಿ," ಎಂದ. ಬಾನೆಟ್ಟಿಗೆ ಅಂಟಿತು, ಮುಂದಿನ ಬಾಗಿಲಿಗೆ ಅಂಟಿತು. ಹಿಂದಿನ ಎಡ ಬಾಗಿಲಿನ ಮೇಲಿಂದ ಜಾರಿ ಸಿಮೆಂಟಿನ ಮೇಲೆ ಬಿದ್ದು ಎರಡು ಸುತ್ತು ಉರುಳಿತು.

ಮತ್ತೊಮ್ಮೆ ಇಟ್ಟ, ಮತ್ತೊಮ್ಮೆ ಬಿತ್ತು. ಮೆಕ್ಯಾನಿಕ್ ಷಡ್ಡಕನ ಮುಖ ನೋಡಿದ. ಟಿಂಕರ್ ನೆಲ ನೋಡುತ್ತಿದ್ದ. "ನೀವೇ ತುಂಬಿದ್ದಾ?" ಎಂದಾಗ, "ಹೌದು," ಎಂದ. ಯಾಕೆ ಎಂದದ್ದಕ್ಕೆ ಉತ್ತರ ಕೊಡಲಿಲ್ಲ. ಅವನು ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಅದೊಂದೇ.

ಮೆಕ್ಯಾನಿಕ್ ಅದೇ ಸಂಜೆ ಮೀಸೆ ತೆಗೆದ. ಇಪ್ಪತ್ತು ವರ್ಷದ ದಪ್ಪ ಮೀಸೆ. ಮಾತಿಗೆ ಹೇಳಿದ್ದು, ಯಾರೂ ಹಿಡಿದು ಕೇಳುತ್ತಿರಲಿಲ್ಲ. ಆದರೂ ತೆಗೆದ, ಮತ್ತೆ ಬೆಳೆಸಲೂ ಇಲ್ಲ. ಮುಖ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಕಾಣುತ್ತಿತ್ತು. ಮರುದಿನ ಸರಪಳಿ ಕಟ್ಟಿ ಗಾಡಿಯಿಂದ ಎಂಜಿನ್ ಎತ್ತಿದ. "ಗಾಡಿ ನಿಮ್ಮದು. ಎಂಜಿನ್ ನಂದು," ಎಂದದ್ದೇ ಕೊನೆಯ ಮಾತು. ಆಮೇಲೆ ಗ್ಯಾರೇಜಿನ ನಡುವೆ ಎದೆಯೆತ್ತರಕ್ಕೆ ಗೋಡೆ ಎದ್ದಿತು. ಈಗ ಟಿಂಕರನ ಬಳಿ ಬರುವ ಹೊಸ ಗಿರಾಕಿಗಳ ಜೇಬಿನಲ್ಲಿ ಅಯಸ್ಕಾಂತವಿರುತ್ತಿತ್ತು. ಹಳಬರೂ ಕೆಲವರು, ಅವನು ಒಳಗೆ ಹೋದಾಗ, ಸುಮ್ಮನೆ ಬೆರಳಿನಿಂದ ತಗಡು ತಟ್ಟಿ ನೋಡುತ್ತಿದ್ದರು. ಆ ಸದ್ದು ಅವನಿಗೆ ಒಳಗಿನವರೆಗೂ ಕೇಳುತ್ತಿತ್ತು.

ನಡೆದದ್ದು ಇಷ್ಟು. ಮೆಕ್ಯಾನಿಕ್ ತಿಂಗಳಿಗೊಮ್ಮೆ ಬಿಡಿಭಾಗ ತರಲು ಬಸ್ಸಿನಲ್ಲಿ ಹೋಗುತ್ತಿದ್ದ. ಆ ದಿನ ಗಾಡಿ ಅಂಗಳದಲ್ಲೇ ಇರುತ್ತಿತ್ತು, ಟಿಂಕರನ ಹೆಂಡತಿ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗಿರುತ್ತಿದ್ದಳು. ನಾದಿನಿ ಕೀಲಿ ತೆಗೆದುಕೊಂಡು ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಿ ಕಲಿಯುತ್ತಿದ್ದಳು. ಟಿಂಕರ್ ನೋಡಿಯೂ ನೋಡದಂತೆ ಇರುತ್ತಿದ್ದ. ಕಳೆದ ವರ್ಷ ಒಂದು ದಿನ ಧೈರ್ಯ ಮಾಡಿ ಗೇಟು ದಾಟಲು ಹೋದಳು. ಎಡಕ್ಕೆ ಒಂದು ಗೇಣು ಬೇಗ ತಿರುಗಿಸಿದಳು. ಹಿಂದಿನ ಎಡ ಬಾಗಿಲು ಕಲ್ಲುಕಂಬಕ್ಕೆ ತಾಗಿ ಒಳಕ್ಕೆ ಹೋಯಿತು.

"ಭಾವ, ಅವರಿಗೆ ಗೊತ್ತಾಗಬಾರದು," ಎಂದು ಅವಳು ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ್ದಳು. ಅಳುತ್ತಿರಲಿಲ್ಲ, ಕೈ ಮಾತ್ರ ಬಿಡುತ್ತಿರಲಿಲ್ಲ. ಬಾಗಿಲಿನ ಒಳಪದರ ಬಿಚ್ಚಿ ತಗಡು ಬಡಿದು ಎಬ್ಬಿಸಲು ಒಂದೂವರೆ ದಿನ ಬೇಕು. ಮೆಕ್ಯಾನಿಕ್ ಆರು ಗಂಟೆಗೆ ಬರುವವನಿದ್ದ. ಟಿಂಕರ್ ಜೀವಮಾನದಲ್ಲಿ ಮೊದಲ ಸಲ ಬೆರಳು ದಪ್ಪ ಪುಟ್ಟಿ ಮೆತ್ತಿದ. ದೀಪದ ಕಾವು ಕೊಟ್ಟು ಒಣಗಿಸಿ, ಉಜ್ಜಿ, ಶೀಶೆಯಲ್ಲಿ ಉಳಿದಿದ್ದ ಅದೇ ನೀಲಿ ಹೊಡೆದ. ಮುಂದೆ ಎಂದಾದರೂ ಬಿಚ್ಚಿ ಸರಿಯಾಗಿ ಮಾಡಿದರಾಯಿತು ಅಂದುಕೊಂಡಿದ್ದ. ಎಂದೂ ಆಗಲಿಲ್ಲ. ನಾದಿನಿಯೂ ಅಲ್ಲಿಗೆ ಬಿಡಲಿಲ್ಲ. ಮುಂದಿನ ತಿಂಗಳು ಅವಳು ಮತ್ತೆ ಕೀಲಿ ತೆಗೆದುಕೊಂಡು ಬಂದಾಗ ಟಿಂಕರ್ ತಾನೇ ಹೋಗಿ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದಿದ್ದ.

ಶನಿವಾರ ಮಧ್ಯಾಹ್ನ ನಾಲ್ಕನೆಯ ಫೋನು ಬಂತು. ಆ ಕಡೆಯವನು ನಗಲಿಲ್ಲ. "ನನ್ನ ಹತ್ರ ಎಂಜಿನ್ ಇದೆ ಸಾರ್, ಗಾಡಿ ಇಲ್ಲ," ಎಂದ. ಬಾಡಿಗೆ ಕಾರು ಓಡಿಸುವವನಂತೆ. ನಿಲ್ಲಿಸಿದ್ದ ಗಾಡಿಯ ಮೇಲೆ ಕಟ್ಟಡದ ನೀರಿನ ಟ್ಯಾಂಕು ಬಿದ್ದು ಮೈಯೆಲ್ಲ ಅಪ್ಪಚ್ಚಿಯಾಗಿತ್ತು, ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದೇ ಮಾದರಿ. ಭಾನುವಾರ ಬರುತ್ತೇನೆ, ಸರಿಹೋದರೆ ಅಂದೇ ಎಳೆದುಕೊಂಡು ಹೋಗುತ್ತೇನೆ ಎಂದ.

ಸುದ್ದಿ ಅಕ್ಕನಿಂದ ತಂಗಿಗೆ ಗೋಡೆಯ ಮೇಲೆ ದಾಟಿತು. ಸಂಜೆ ಮೆಕ್ಯಾನಿಕ್ ಇಲ್ಲದ ಹೊತ್ತು ನೋಡಿ ನಾದಿನಿ ಗೋಡೆಯ ಬಳಿ ಬಂದು ನಿಂತಳು.

"ಭಾವ, ಗಾಡಿ ಹೋದ್ಮೇಲೆ ಹೇಳಿ ಏನು ಬಂತು? ಇವತ್ತೇ ಹೇಳಿಬಿಡ್ತೀನಿ."

"ಏನಂತ?"

"ಗುದ್ದಿದ್ದು ನಾನು ಅಂತ."

"ಅಷ್ಟೇ ಆಗಿದ್ರೆ ಅವತ್ತೇ ಹೇಳಬಹುದಿತ್ತು. ಗುದ್ದಿದ್ದು ನೀನು, ಮುಚ್ಚಿದ್ದು ನಾನು, ಮೀಸೆ ಹೋಗಿದ್ದು ಅವನದು. ಹತ್ತು ಜನರ ಮುಂದೆ ತಲೆ ತಗ್ಗಿಸಿದ್ದಾನೆ. ಈಗ ಮನೆಯೋರೇ ಸೇರಿ ತನ್ನ ಮಂಗ ಮಾಡಿದ್ರು ಅಂತ ಗೊತ್ತಾದ್ರೆ ಎಲ್ಲಿ ಮುಖ ಇಟ್ಕೋತಾನೆ? ನನ್ನ ಹತ್ರ ಮಾತು ಬಿಟ್ಟಿದ್ದಾನೆ. ನಿನ್ನ ಹತ್ರಾನೂ ಬಿಡಬೇಕಾ?"

"ನಿಮ್ಮ ಹೆಸರು ಹೋಯ್ತಲ್ಲ."

"ಹೆಸರು ನೆಗ್ಗಿದ್ರೆ ಬಡಿದು ಎಬ್ಬಿಸಬಹುದು. ಹೊತ್ತು ಹಿಡಿಯುತ್ತೆ, ಅಷ್ಟೇ."

ಹೇಳಿದನೇ ಹೊರತು ಅವನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಹೆಂಡತಿಯೂ ಒಂದು ದಿನ, "ನಿಜವಾಗಲೂ ನೀವೇನಾ?" ಎಂದು ಕೇಳಿ, ಹೌದು ಅನ್ನಿಸಿಕೊಂಡು, ಆಮೇಲೆ ಆ ಮಾತೆತ್ತಿರಲಿಲ್ಲ. ಅವಳು ಯಾಕೆ ಎಂದು ಕೇಳದೇ ಇದ್ದದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು. ನಾದಿನಿ ಗೋಡೆಯ ಮೇಲಿನ ಸಿಮೆಂಟಿನ ಹರಳನ್ನು ಉಗುರಿನಿಂದ ಕಿತ್ತು ಒಳಗೆ ಹೋದಳು.

ಭಾನುವಾರ ಹತ್ತು ಗಂಟೆಗೆ ಬಾಡಿಗೆ ಕಾರಿನವನು ಪಿಕಪ್ ಗಾಡಿಯೊಂದನ್ನು ಎರವಲು ತಂದು ಗೇಟಿನ ಹೊರಗೆ ನಿಲ್ಲಿಸಿದ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಎಂಜಿನ್ನಿನ ಭಾರವಿಲ್ಲದೆ ಕಾರು ಮೂತಿ ಎತ್ತಿಕೊಂಡು ನಿಂತಿತ್ತು. "ಏನಪ್ಪಾ ಇದು, ಇಷ್ಟು ಜಂಭ," ಎಂದು ಅವನು ಅದರ ಬಾನೆಟ್ ತಟ್ಟಿದ. ಬಾಗಿಲುಗಳನ್ನು ತೆರೆದು ಮುಚ್ಚಿ ಸದ್ದು ಕೇಳಿದ. ಮಲಗಿ ಅಡಿಯನ್ನು ನೋಡಿದ. ಎದ್ದು ನಿಂತು ಕೈ ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದಲೇ ಜೇಬಿಗೆ ಕೈ ಹಾಕಿದ.

ಗೋಡೆಯ ಆಚೆ ಮೆಕ್ಯಾನಿಕ್ ಯಾವುದೋ ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದ. ಸ್ಪ್ಯಾನರಿನ ಸದ್ದು ನಿಂತಿತು. ನಾದಿನಿ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಟಿಂಕರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅದೇನೂ ಬೇಡ," ಎಂದ ಟಿಂಕರ್. "ಹಿಂದಿನ ಎಡ ಬಾಗಿಲಲ್ಲಿ ಪುಟ್ಟಿ ಇದೆ. ಈ ಅಂಚಿನಿಂದ ಹಿಡಿಕೆ ತನಕ. ನಾನೇ ತುಂಬಿದ್ದು. ಬೇರೆ ಎಲ್ಲೂ ಇಲ್ಲ, ಬೇಕಾದ್ರೆ ನೋಡ್ಕೊಳ್ಳಿ."

ಬಾಡಿಗೆ ಕಾರಿನವನು ಅಯಸ್ಕಾಂತವನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲನ್ನು ನೋಡಿದ. ಬಗ್ಗಿ, ಬೆಳಕಿಗೆ ಓರೆಯಾಗಿ, ಒಂದು ಕಣ್ಣು ಮುಚ್ಚಿ ನೋಡಿದ. "ನೀವು ಹೇಳದೇ ಇದ್ರೆ ದೇವರಾಣೆ ಗೊತ್ತಾಗ್ತಿರಲಿಲ್ಲ. ಉಳಿದದ್ದೆಲ್ಲ ಇಷ್ಟು ಚೆನ್ನಾಗಿ ಬಡಿದಿದ್ದೀರಿ. ಇದೊಂದು ಯಾಕೆ ಹೀಗೆ?"

"ಹೊತ್ತಿರಲಿಲ್ಲ."

"ಸ್ವಂತ ಗಾಡಿಗೆ ಹೊತ್ತಿಲ್ವಾ?"

ಟಿಂಕರ್ ಬಾಗಿಲಿನ ಅಂಚನ್ನು ಬಟ್ಟೆಯಿಂದ ಒರೆಸಿದ. ತಂತಿಯ ಬಳಿ ನಾದಿನಿ ಒಂದೇ ಬಟ್ಟೆಯನ್ನು ಎರಡು ಸಲ ಹಿಂಡಿದಳು. ಮೆಕ್ಯಾನಿಕ್ ಬಗ್ಗಿದ್ದವನು ನೆಟ್ಟಗಾಗಿ ಗೋಡೆಯ ಮೇಲಿನಿಂದ ಈಚೆ ನೋಡಿದ, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಕಂಡು ಮತ್ತೆ ಬಗ್ಗಿದ. ಆದರೆ ಸ್ಪ್ಯಾನರಿನ ಸದ್ದು ಬರಲಿಲ್ಲ.

ವ್ಯವಹಾರ ಬೇಗ ಮುಗಿಯಿತು. ಟಿಂಕರ್ ಕಾಗದಪತ್ರಗಳನ್ನು ತಂದುಕೊಟ್ಟ. ಜೋತುಬಿದ್ದಿದ್ದ ಗೇರ್ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಸರಪಳಿಯಲ್ಲಿ ಮೇಲಕ್ಕೆ ಬಿಗಿದು ಕಟ್ಟಿದರು. ಪಿಕಪ್ಪಿನ ಹಿಂದಿನ ಕೊಕ್ಕೆಗೂ ಕಾರಿನ ಮುಂದಿನ ಕೊಕ್ಕೆಗೂ ಹಗ್ಗ ಬಿದ್ದಿತು. ಆಗ ಬಾಡಿಗೆ ಕಾರಿನವನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇದರಲ್ಲಿ ಯಾರು ಕೂತ್ಕೋತೀರಿ?" ಎಂದ.

ಸ್ಟೀರಿಂಗ್ ಹಿಡಿಯಲು ಅವನ ಜೊತೆ ಬರಬೇಕಿದ್ದ ಗೆಳೆಯನಿಗೆ ಬೆಳಿಗ್ಗೆ ಜ್ವರ ಬಂದಿತ್ತು. ಗ್ಯಾರೇಜಿನಲ್ಲಿ ಡ್ರೈವಿಂಗ್ ಬಾರದವರು ಇರುತ್ತಾರೆಯೇ ಎಂದು ಅವನು ನಿಶ್ಚಿಂತೆಯಿಂದ ಒಬ್ಬನೇ ಬಂದಿದ್ದ. ಟಿಂಕರ್ ತನಗೆ ಬರುವುದಿಲ್ಲ ಎಂದಾಗ ಅವನಿಗೆ ನಗು ಬಂತು. ಆಮೇಲೆ ನಿಜವೆಂದು ತಿಳಿದು ಗೋಡೆಯ ಕಡೆ ತಿರುಗಿದ.

"ಸಾರ್, ನೀವು ಸ್ವಲ್ಪ ಬರ್ತೀರಾ? ನಾಲ್ಕು ಮೈಲಿ ಅಷ್ಟೇ. ವಾಪಸ್ ನಾನೇ ತಂದು ಬಿಡ್ತೀನಿ."

"ಆ ಗಾಡಿಗೂ ನನಗೂ ಸಂಬಂಧ ಇಲ್ಲ," ಎಂದ ಮೆಕ್ಯಾನಿಕ್, ಚಕ್ರದ ಕಡೆ ನೋಡುತ್ತ.

"ಹಾಗಂದ್ರೆ ಹೇಗೆ ಸಾರ್. ಇನ್ನೊಂದು ದಿನ ಅಂದ್ರೆ ಪಿಕಪ್ ಸಿಗಲ್ಲ ನನಗೆ. ಸ್ಟೀರಿಂಗ್ ಹಿಡ್ಕೊಂಡು ಕೂತ್ರೆ ಸಾಕು. ಯಾರಾದ್ರೂ ಸರಿ."

ನಾದಿನಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಕೈ ಒರೆಸಿಕೊಂಡು ಗೋಡೆಯ ತುದಿಯನ್ನು ಬಳಸಿ ಈಚೆ ಬಂದಳು. ಯಾರ ಮುಖವನ್ನೂ ನೋಡದೆ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕುಳಿತಳು.

"ಏಯ್," ಎಂದ ಮೆಕ್ಯಾನಿಕ್. ಅಭ್ಯಾಸದ ನಗು ಅವನ ಬೋಳು ತುಟಿಯ ಮೇಲೆ ಮೂಡತೊಡಗಿತ್ತು. "ಇಳಿ. ತಮಾಷೆ ಅಂದ್ಕೊಂಡಿದ್ದೀಯಾ?"

ಅವಳು ಇಳಿಯಲಿಲ್ಲ. ಆ ಸೀಟಿನ ಹಿಡಿಕೆ ಎಂದೋ ಮುರಿದುಹೋಗಿ ಮೆಕ್ಯಾನಿಕ್ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ಕಟ್ಟಿದ್ದ. ಅದನ್ನು ಕೈಯಿಂದ ಎಳೆದರೆ ಏನೂ ಆಗುತ್ತಿರಲಿಲ್ಲ. ಎಡ ಹಿಮ್ಮಡಿಯಿಂದ ಒತ್ತಿ ಹಿಡಿದು, ಸೊಂಟವನ್ನು ಮುಂದಕ್ಕೆ ದೂಡಿದರೆ ಮಾತ್ರ ಸೀಟು ಜರುಗುತ್ತಿತ್ತು. ಅದು ತನಗೊಬ್ಬನಿಗೇ ಗೊತ್ತು ಎಂದು ಅವನು ತಿಳಿದಿದ್ದ. ಅವಳು ಕೆಳಗೆ ನೋಡದೆ ಹಿಮ್ಮಡಿ ಒತ್ತಿದಳು. ಸೀಟು ಟಕ್, ಟಕ್ ಎಂದು ಎರಡು ಹಲ್ಲು ಮುಂದೆ ಬಂತು. ಆಮೇಲೆ ಕನ್ನಡಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.

ಮೆಕ್ಯಾನಿಕ್ಕಿನ ಮುಖದ ನಗು ಎಲ್ಲಿತ್ತೋ ಅಲ್ಲೇ ನಿಂತಿತು.

"ಎಂಜಿನ್ ಇಲ್ದೆ ಬ್ರೇಕು ಕಲ್ಲಿನ ಹಾಗಿರುತ್ತೆ ಅಮ್ಮಾ," ಎಂದು ಬಾಡಿಗೆ ಕಾರಿನವನು ಕಿಟಕಿಗೆ ಬಗ್ಗಿ ಹೇಳಿದ.

"ಗೊತ್ತು. ಎರಡೂ ಕಾಲು ಇಡ್ತೀನಿ. ನೀವು ಎಡಕ್ಕೆ ತಿರುಗೋವಾಗ ನಿಧಾನ ಮಾಡಿ. ಹಗ್ಗ ಮೂತಿನ ಕಂಬದ ಕಡೆ ಎಳೆಯುತ್ತೆ."

ಅವನು ಅವಳನ್ನು ಒಮ್ಮೆ ನೋಡಿ, ಸಮಾಧಾನವಾದವನಂತೆ ಹೋಗಿ ಪಿಕಪ್ ಹತ್ತಿದ. ಟಿಂಕರ್ ಹೋಗಿ ಗೇಟಿನ ಎರಡೂ ಬಾಗಿಲು ತೆರೆದು, ಬಲಗಡೆಯದನ್ನು ಹಿಡಿದುಕೊಂಡು ನಿಂತ. ಬೇಡ ಎಂದು ಹೇಳಬೇಕು ಅನ್ನಿಸಿತು, ಗೇಟನ್ನು ಇನ್ನಷ್ಟು ಅಗಲಕ್ಕೆ ಎಳೆದು ಹಿಡಿದ. ಅವನ ಹೆಂಡತಿ ಬಾಗಿಲಿನಿಂದ ಮೂರು ಮೆಟ್ಟಿಲು ಇಳಿದು ಬಂದಿದ್ದಳು.

ಹಗ್ಗ ಬಿಗಿಯಾಯಿತು. ಕಾರು ಸದ್ದಿಲ್ಲದೆ ಹೊರಟಿತು. ಪಿಕಪ್ ಬೀದಿಗಿಳಿದು ಎಡಕ್ಕೆ ಹೊರಳುತ್ತಿದ್ದಂತೆ ಹಗ್ಗ ಓರೆಯಾಗಿ ಕಾರಿನ ಮೂತಿಯನ್ನು ಕಂಬದ ಕಡೆ ಸೆಳೆಯಿತು. ಅವಳು ಬಲಕ್ಕೆ ತಿರುಗಿಸಿ ಬಿಗಿಯಾಗಿ ಹಿಡಿದಳು. ಆ ಭಾರಕ್ಕೆ ಅವಳ ಭುಜಗಳು ಎದ್ದು ನಿಂತದ್ದು ಹಿಂದಿನಿಂದ ಕಾಣುತ್ತಿತ್ತು. ಎರಡೂ ಕಾಲಿನಿಂದ ಬ್ರೇಕು ಒತ್ತಿ ಒಂದು ಕ್ಷಣ ತಡೆದಳು, ಮುಂದಿನ ಬಾಗಿಲು ಕಂಬ ದಾಟುವವರೆಗೂ ಕಾದಳು, ಆಮೇಲೆ ಕೈಮೇಲೆ ಕೈ ಹಾಕಿ ಎಡಕ್ಕೆ ತಿರುಗಿಸಿದಳು. ಹಿಂದಿನ ಎಡ ಬಾಗಿಲು ಕಲ್ಲುಕಂಬದಿಂದ ನಾಲ್ಕು ಬೆರಳು ದೂರದಲ್ಲಿ ಸರಿದು ಹೋಯಿತು. ನೀಲಿ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮೆಕ್ಯಾನಿಕ್ ಗೋಡೆಯನ್ನು ಬಳಸಿ ಬಂದ. ಬೀದಿಯ ಕಡೆ ನೋಡಲಿಲ್ಲ, ಕಂಬದ ಕಡೆ ನಡೆದ. ಆ ಕಂಬದ ಮೇಲೆ ಇಪ್ಪತ್ತು ವರ್ಷದಿಂದ ಬಂದು ಹೋದ ಗಾಡಿಗಳ ಗೀರುಗಳಿದ್ದವು. ಬಿಳಿ, ಕೆಂಪು, ಬೂದು. ಯಾರೂ ಅವನ್ನು ಬಿಡಿಸಿ ನೋಡಿದವರಲ್ಲ. ಬಾಗಿಲಿನ ಮೇಲೆ ಕೂದಲೆಳೆಯಷ್ಟೂ ಗುರುತು ಉಳಿಸದ ಟಿಂಕರನಿಗೂ ಕಂಬವನ್ನು ಒರೆಸಬೇಕು ಎಂದು ಆ ದಿನ ಹೊಳೆದಿರಲಿಲ್ಲ. ಅವನ ಕಣ್ಣು ತಗಡಿನ ಮೇಲೆಯೇ ಇರುವ ಕಣ್ಣು. ಮೆಕ್ಯಾನಿಕ್ ಕುಕ್ಕರಗಾಲಿನಲ್ಲಿ ಕುಳಿತು, ಬಾಗಿಲಿನ ಎತ್ತರಕ್ಕೆ ಕೈ ಸರಿಸುತ್ತ ಹೋದ. ಒಂದು ಕಡೆ ಹೆಬ್ಬೆರಳು ನಿಂತಿತು. ಎರಡು ಬೆರಳಗಲದ ನೀಲಿ. ಯಾವ ಡಬ್ಬದಲ್ಲೂ ಸಿಗದ ನೀಲಿ.

ಅವನ ಇನ್ನೊಂದು ಕೈ ತಾನೇ ತಾನಾಗಿ ಮೀಸೆಯಿದ್ದ ಜಾಗಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. ಟಿಂಕರ್ ಗೇಟು ಹಿಡಿದುಕೊಂಡೇ ನಿಂತಿದ್ದ.

"ಎಷ್ಟು ಹೊತ್ತಿತ್ತು ನಿಮಗೆ?" ಎಂದು ಮೆಕ್ಯಾನಿಕ್ ತಿರುಗದೆ ಕೇಳಿದ.

ಐದು ತಿಂಗಳಾದ ಮೇಲಿನ ಮೊದಲ ಮಾತು. ಟಿಂಕರ್ ಕೇಳಿದ್ದಕ್ಕೆ ಉತ್ತರ ಕೊಟ್ಟ.

"ನೀನು ಆರಕ್ಕೆ ಬರ್ತೀನಿ ಅಂದಿದ್ದೆ. ಮೂರೂವರೆ ಗಂಟೆ ಇತ್ತು."

"ಒಣಗಿಸೋದೂ ಸೇರಿ?"

"ಒಣಗಿಸೋದೂ ಸೇರಿ."

ಮೆಕ್ಯಾನಿಕ್ ತಲೆಯಾಡಿಸಿದ. ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಹೆಂಡತಿಯ ಅಕ್ಕನ ಮುಖವನ್ನೂ ಷಡ್ಡಕನ ಮುಖವನ್ನೂ ನೋಡದೆ ಒಳಗೆ ಹೋಗಿ ತನ್ನ ಸ್ಕೂಟರ್ ತಳ್ಳಿಕೊಂಡು ಬಂದ. "ಅವಳನ್ನ ಕರ್ಕೊಂಡು ಬರ್ತೀನಿ," ಎಂದ, ಯಾರಿಗೆ ಹೇಳಿದ್ದು ಎಂದು ತಿಳಿಯದ ಹಾಗೆ. ಗೇಟಿನ ಬಳಿ ನಿಧಾನ ಮಾಡಿ, ಕಂಬದಿಂದ ಬೇಕಾದ್ದಕ್ಕಿಂತ ಹೆಚ್ಚು ದೂರ ಸರಿದು, ಬೀದಿಗೆ ಇಳಿದ.

ಹೆಂಡತಿ ಬಂದು ಟಿಂಕರನ ಪಕ್ಕದಲ್ಲಿ ನಿಂತಳು. ಅವಳಿಗೂ ಈಗ ಗೊತ್ತಾಗಿತ್ತು. "ನನಗಾದರೂ ಹೇಳಬಾರದಿತ್ತಾ?" ಎಂದು ಅವನ ತೋಳು ಮುಟ್ಟಿದಳು. ಕಣ್ಣು ತುಂಬಿಕೊಂಡಿದ್ದಳು, ಸ್ವಲ್ಪ ಸಿಟ್ಟೂ ಬಂದಿತ್ತು. ಅವನು ಗಾಡಿ ನಿಂತಿದ್ದ ಜಾಗಕ್ಕೆ ಹೋದ.

ನಾಲ್ಕು ಚಕ್ರದ ಗುರುತು, ನಡುವೆ ಗಾಡಿಯಷ್ಟೇ ಉದ್ದಗಲದ ಸಿಮೆಂಟಿನ ನೆಲ. ಸುತ್ತಲಿನ ನೆಲವೆಲ್ಲ ಗಿರಾಕಿಗಳ ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆಯಿಂದ ಕಪ್ಪಾಗಿತ್ತು. ಮೆಕ್ಯಾನಿಕ್ ಕಟ್ಟಿದ ಡೀಸೆಲ್ ಎಂಜಿನ್ ಒಂಬತ್ತು ವರ್ಷ ದಿನಾ ಬಂದು ನಿಲ್ಲುತ್ತಿದ್ದ ಆ ಜಾಗದಲ್ಲಿ ಟಿಂಕರ್ ಬಗ್ಗಿ ಅಂಗೈ ಆಡಿಸಿದ. ಆ ತುದಿಯಿಂದ ಈ ತುದಿಯವರೆಗೂ ಆಡಿಸಿದ. ಎತ್ತಿ ನೋಡಿದರೆ ಕೈಗೆ ಬರೀ ಒಣ ಧೂಳು ಅಂಟಿತ್ತು, ಒಂದು ತೊಟ್ಟು ಎಣ್ಣೆಯಿರಲಿಲ್ಲ.